ಮೇಲೆ ಬಂದು ಕಾರಣ ಹೇಳತಕ್ಕದ್ದು

ಮಾರ್ಚ್ ೪, ಸೋಮವಾರ

ನಾನು ಈ ಲಾಂಡ್ರಿಯ ಒಡತಿ. ಯಜಮಾನರು ತೀರಿಕೊಂಡಾಗ ಇದನ್ನು ಮಾರಿಸಬೇಕೆಂದು ಅವರ ಅಣ್ಣತಮ್ಮಂದಿರು ಮನೆಯ ಹಜಾರದಲ್ಲಿ ಬಂದು ಕೂತಿದ್ದರು. ಹೈಸ್ಕೂಲಿನ ಆಚೆಗೆ ಓದದ ಹೆಂಗಸು, ಯಂತ್ರದ ಗಂಧಗಾಳಿ ಇಲ್ಲದವಳು, ಏನು ಮಾಡಿಯಾಳು ಎಂಬುದು ಅವರ ಎಣಿಕೆ. ಕುಡಿಯಲು ಕಾಫಿ ಕೊಟ್ಟು ಕಳಿಸಿದೆ. ಮರುದಿನ ಬೀಗದಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೇ ಬಾಗಿಲು ತೆರೆದೆ. ಈಗ ಊರಿನ ದೊಡ್ಡ ಆಸ್ಪತ್ರೆಯ ರೋಗಿಗಳು ಮಲಗುವುದು ನನ್ನಲ್ಲಿ ಒಗೆದು ಇಸ್ತ್ರಿಯಾದ ಶೀಟುಗಳ ಮೇಲೆ. ಮಗ ಗಿರಾಕಿಗಳನ್ನು ನೋಡಿಕೊಳ್ಳುತ್ತಾನೆ, ಯಂತ್ರದ ಓದು ಓದಿದ ಸೊಸೆ ಕೆಳಗಿನ ಕೆಲಸ ನೋಡಿಕೊಳ್ಳುತ್ತಾಳೆ. ಕೊನೆಯ ಮಾತು ನನ್ನದು.

ರಾತ್ರಿ ನಿದ್ದೆ ಬರುವುದಿಲ್ಲ ಎಂದಾಗ ಡಾಕ್ಟರು, ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿಬಿಡಿ ಎಂದರು. ಮಾತ್ರೆ ನುಂಗುವುದಕ್ಕಿಂತ ಇದು ಮೇಲು. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಒಂದು ಕಂಟಕ ತಪ್ಪಿತು. ನಮ್ಮ ಇಸ್ತ್ರಿಯ ರೋಲರ್ ಕೋಣೆಯ ಆ ಗೋಡೆಯಿಂದ ಈ ಗೋಡೆಯವರೆಗೆ ಉದ್ದ ಇದೆ. ಕಾದ ಉರುಳೆಯ ಸಂದಿಗೆ ಇಬ್ಬರು ಹೆಂಗಸರು ಶೀಟಿನ ಎರಡು ತುದಿ ಹಿಡಿದು ತಿನ್ನಿಸುತ್ತಾರೆ, ಆಚೆ ಕಡೆ ಅದು ಗರಿಗರಿಯಾಗಿ ಹೊರಬರುತ್ತದೆ. ಬಲಗಡೆ ನಿಲ್ಲುವವಳನ್ನು ಎಲ್ಲರೂ ಗಟ್ಟಿಗಿತ್ತಿ ಎನ್ನುತ್ತಾರೆ. ಅವಳಷ್ಟು ಚುರುಕಿನವಳು ನನ್ನಲ್ಲಿ ಇನ್ನೊಬ್ಬಳಿಲ್ಲ. ಎಡಗಡೆಯವಳು ಗುಬ್ಬಿ, ಆಳೂ ಸಣ್ಣ, ದನಿಯೂ ಸಣ್ಣ. ಬೆಳಿಗ್ಗೆ ಗಟ್ಟಿಗಿತ್ತಿಯ ತೋಳಿನ ಬಟ್ಟೆ ಶೀಟಿನ ಜೊತೆಗೇ ಒಳಗೆ ಸಿಕ್ಕಿತು. ಗುಬ್ಬಿ ಸೊಂಟದಲ್ಲಿದ್ದ ದಾರ ಕತ್ತರಿಸುವ ಕತ್ತರಿ ಎಳೆದು ಆ ಬಟ್ಟೆಯನ್ನು ಕಚಕ್ಕನೆ ಕತ್ತರಿಸಿ ಹಾಕಿದಳು. ಕೈ ಉಳಿಯಿತು. ರೋಲರ್ ಒಂದು ಗಳಿಗೆಯೂ ನಿಲ್ಲಲಿಲ್ಲ, ಶೀಟೂ ಸುಡಲಿಲ್ಲ. ಎಲ್ಲರ ಎದುರಿಗೆ ಗುಬ್ಬಿಯ ಬೆನ್ನು ತಟ್ಟಿದೆ. ಸಮಯಪ್ರಜ್ಞೆ ಎಂದರೆ ಇದು ಎಂದೆ.

ಇನ್ನು ಮೇಲೆ ಬಟ್ಟೆಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿ ಪಿನ್ನು ಹಾಕಬೇಕು ಎಂದು ಅಪ್ಪಣೆ ಮಾಡಿದ್ದೇನೆ. ಅಲ್ಲಿಗೆ ಮುಗಿಯಿತು.

ಮಾರ್ಚ್ ೫, ಮಂಗಳವಾರ

ಮುಗಿಯಲಿಲ್ಲ. ಊಟಕ್ಕೆ ಕೂತಾಗ ಸೊಸೆ ತಟ್ಟೆ ನೋಡುತ್ತಲೇ ಕೇಳಿದಳು.

"ಅತ್ತೆ, ಕೆಂಪು ಬಟನ್ ಗುಬ್ಬಿ ಕೈ ಪಕ್ಕದಲ್ಲೇ ಇತ್ತು. ಒತ್ತಿದ್ರೆ ರೋಲರ್ ನಿಂತುಬಿಡ್ತಿತ್ತು. ಅದು ಬಿಟ್ಟು ಕತ್ತರಿಗೆ ಯಾಕೆ ಕೈ ಹಾಕಿದ್ಲು?"

ಅವಳಿಗೆ ತೋಚಿದ್ದು ಮಾಡಿದಳು, ಕೈ ಉಳಿಯಿತಲ್ಲ ಎಂದೆ. ಓದಿದವರ ರೀತಿಯೇ ಇದು, ಪ್ರಶ್ನೆ ಬಿಟ್ಟು ಕೈ ತೊಳೆಯಲು ಎದ್ದು ಹೋಗುತ್ತಾರೆ, ಉತ್ತರ ಹುಡುಕುತ್ತಾ ನಾವು ಕೂತಿರಬೇಕು.

ಇವಳದೊಂದು ಸೋಮವಾರದ ಸಭೆ ಇದೆ. ಕೆಲಸ ಶುರುವಾಗುವ ಮೊದಲು ಎಲ್ಲರನ್ನೂ ನಿಲ್ಲಿಸಿಕೊಂಡು, ನಿಮಗೇನು ತೊಂದರೆ, ಏನು ಸರಿಪಡಿಸಬೇಕು ಎಂದು ಕೇಳುತ್ತಾಳೆ. ಆ ಸಭೆಯಿಂದ ಶೆಲ್ಫು ಒಂದು ಗೇಣು ತಗ್ಗಿತು, ಬುಟ್ಟಿಗಳಿಗೆ ಚಕ್ರ ಬಂತು. ಒಳ್ಳೆಯದೇ. ನೀವೂ ಒಂದು ಸಲ ಬನ್ನಿ ಅತ್ತೆ, ನೀವು ನಿಂತರೆ ಅವರಿಗೆ ಅದು ನಿಜ ಅನ್ನಿಸುತ್ತೆ ಎಂದು ಕರೆಯುತ್ತಲೇ ಇರುತ್ತಾಳೆ. ಒಡತಿ ಹೋಗಿ ಕೂಲಿಯವರ ನಡುವೆ ನಿಂತು, ಅಮ್ಮಾ ನಿಮಗೇನು ಕಷ್ಟ ಎಂದು ಕೇಳುವುದೇ? ನಾನು ಮೇಲೇ ಇರುತ್ತೇನೆ. ನನ್ನ ಕೋಣೆಯ ಕಿಟಕಿಯಿಂದ ಎಲ್ಲ ಕಾಣುತ್ತದೆ.

ಮಾರ್ಚ್ ೮, ಶುಕ್ರವಾರ

ಸೊಸೆಯ ಬಾಯಿ ಮುಚ್ಚಿಸೋಣವೆಂದು ಇವತ್ತು ಮಧ್ಯಾಹ್ನ ನಾನೇ ಎಲ್ಲರನ್ನೂ ಸೇರಿಸಿದೆ. ಕೆಲಸದಲ್ಲಿ ಭಯ ಇದ್ದರೆ ಹೇಳಿ ಎಂದೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ನೋಡಿದೆಯಾ ಎಂಬ ಹಾಗೆ ಸೊಸೆಯ ಕಡೆ ತಿರುಗಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದಳು.

ಗೋಡೆಯಲ್ಲಿ ಕೆಂಪು ಬಣ್ಣದಲ್ಲಿ ನಾನೇ ಬರೆಸಿದ ನಿಯಮ ಇದೆ: "ರೋಲರ್ ನಿಲ್ಲಿಸಿದವರು ಕೂಡಲೇ ಮೇಲೆ ಬಂದು ಕಾರಣ ಹೇಳತಕ್ಕದ್ದು." ಯಜಮಾನರ ಕಾಲದಲ್ಲಿ ಕೆಲಸದವರು ಕೆಮ್ಮು ಬಂದರೂ ರೋಲರ್ ನಿಲ್ಲಿಸುತ್ತಿದ್ದರು. ನಿಂತರೆ ಸಂದಿಯಲ್ಲಿದ್ದ ಶೀಟು ಹಳದಿ ಪಟ್ಟೆ ಬಿದ್ದು ಹಾಳು. ಈ ಒಂದು ಸಾಲು ಬರೆಸಿದೆ, ಆ ಚಟ ನಿಂತಿತು. ಈಗ ತಿಂಗಳಾದರೂ ಮೆಟ್ಟಿಲು ಹತ್ತಿ ಬರುವವರಿಲ್ಲ. ಬರೀ ಬರಹದಿಂದ ಲಾಂಡ್ರಿ ನಡೆಸಬಲ್ಲೆ ಎಂದು ನಾನು ಹೆಮ್ಮೆಪಟ್ಟದ್ದು ಈ ಸಾಲಿನ ಬಗ್ಗೆ.

ಸಂಜೆ ಕಬ್ಬಿಣದ ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿದುಕೊಂಡು ನಡುವೆ ನಿಂತಿದ್ದೆ. ಗೊಂಚಲು ಕೈಯಲ್ಲಿತ್ತು, ಸದ್ದಾಗಲಿಲ್ಲ. ಕೆಳಗೆ ಯಾರೋ ನಗುತ್ತಾ, "ಆ ಮೆಟ್ಟಿಲು ಹತ್ತೋ ಬದಲು ನಾನು ಬಾಯ್ಲರ್ ಒಳಗೆ ಹೋಗ್ತೀನಮ್ಮ" ಎಂದರು. ಎಲ್ಲರೂ ನಕ್ಕರು. ಯಾರ ದನಿ ಎಂದು ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ.

ಮಾರ್ಚ್ ೧೧, ಸೋಮವಾರ

ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಕತ್ತರಿಯ ಸದ್ದು. ಕಂಡವರ ಮುಖ ನೋಡುವ ಬದಲು ಕೈ ನೋಡುತ್ತಿದ್ದೇನೆ. ಇವತ್ತು ಹಾಲಿನವನ ಕೈಯನ್ನೂ ನೋಡಿದೆ.

ಮಾರ್ಚ್ ೧೪, ಗುರುವಾರ

ಗಟ್ಟಿಗಿತ್ತಿ ಟೀ ಲೋಟ ಎಡಗೈಯಲ್ಲಿ ತೆಗೆದುಕೊಂಡಳು. ಅವಳು ಎಡಚಿಯಲ್ಲ. ಬಲಗೈ ತೋರಿಸು ಎಂದೆ. ಏನಿಲ್ಲ ಅಮ್ಮಾವ್ರೇ, ಮನೇಲಿ ಒಲೆ ತಾಕಿತು ಎಂದಳು. ಬೆರಳ ತುದಿಗಳಲ್ಲಿ ಬೊಬ್ಬೆ, ನಾಲ್ಕೂ ಒಂದೇ ಗೆರೆ ಎಳೆದ ಹಾಗೆ. ಒಲೆ ಹಾಗೆ ಸುಡುವುದಿಲ್ಲ. ರೋಲರ್ ಸುಡುತ್ತದೆ.

ಕೆಂಡದಂಥ ಕೋಪ ಬಂತು. ನನ್ನ ಕಣ್ಣೆದುರಿಗೇ ಸುಳ್ಳು. ಇನ್ನು ಮೇಲೆ ಗಾಯ ಮುಚ್ಚಿಟ್ಟವರಿಗೆ ಇಲ್ಲಿ ಕೆಲಸ ಇಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಗಟ್ಟಿಗಿತ್ತಿ ತಲೆ ತಗ್ಗಿಸಿ ಟೀ ಕುಡಿದಳು. ಗುಬ್ಬಿ ತನ್ನ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದಳು.

ಅದು ನನಗೆ ಕಂಡಿತು. ಕಂಡದ್ದಕ್ಕೆ ಏನು ಮಾಡಬೇಕೆಂದು ಹೊಳೆಯಲಿಲ್ಲ.

ಮಾರ್ಚ್ ೧೫, ಶುಕ್ರವಾರ

ಬೆಳಿಗ್ಗೆ ಗಟ್ಟಿಗಿತ್ತಿಯನ್ನು ಬದಿಗೆ ಸರಿಸಿ ನಾನೇ ರೋಲರ್ ಮುಂದೆ ನಿಂತೆ. ಅಷ್ಟೇನು ಕಷ್ಟವಿದೆ ನೋಡೋಣ ಎಂದು. ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇದೆ, ಕೈ ತಡೆಯಲು. ಅದಕ್ಕೆ ಏನು ತಾಕಿದರೂ ರೋಲರ್ ತಾನಾಗಿ ನಿಲ್ಲುತ್ತದೆ. ಹತ್ತಿರ ಹೋದರೆ, ಆ ಪಟ್ಟಿಯನ್ನು ಹರಿದ ಶೀಟಿನ ಬಿಳಿ ಚೂರಿನಿಂದ ಮೇಲಕ್ಕೆ ಎತ್ತಿ ಕಟ್ಟಿದ್ದಾರೆ. ಬಟ್ಟೆಯೂ ಬಿಳಿ, ಹಬೆಯೂ ಬಿಳಿ. ನನ್ನ ಕಿಟಕಿಗೆ ಅದು ಒಂದು ದಿನವೂ ಎದ್ದು ಕಂಡಿರಲಿಲ್ಲ. ನಾನು ಗೊಂಚಲಿನ ಸದ್ದು ಮಾಡುತ್ತಾ ಇಳಿದು ಬರುವಷ್ಟರಲ್ಲಿ ಬಿಚ್ಚಿಬಿಡುತ್ತಿದ್ದಿರಬೇಕು. ಇವತ್ತು ಬೇಗ ಬಂದೆ, ಗಂಟು ಸಿಕ್ಕಿಬಿತ್ತು.

ನಾನೇ ಬಿಚ್ಚಿದೆ.

ಶೀಟು ತಿನ್ನಿಸಿದೆ. ಆಸ್ಪತ್ರೆಯ ಹೊಸ ಶೀಟುಗಳ ಅಂಚು ದಪ್ಪ. ಅಂಚು ಪಟ್ಟಿಗೆ ತಾಗಿತು, ರೋಲರ್ ನಿಂತಿತು. ಮತ್ತೆ ಹೊರಡಿಸಿದೆ, ಮತ್ತೆ ನಿಂತಿತು. ಮೂರನೆಯದೂ ಹಾಗೇ. ಎರಡು ಶೀಟಿಗೆ ಹಳದಿ ಪಟ್ಟೆ. ಮುಖಕ್ಕೆ ರಾಚುವ ಶಾಖ, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಆಗ ಗಟ್ಟಿಗಿತ್ತಿ, ಮುಖದಲ್ಲಿ ನಗು ಇಲ್ಲದೆ ಕೇಳಿದಳು.

"ಅಮ್ಮಾವ್ರೇ, ಮೂರು ಸಲ ನಿಲ್ಲಿಸಿದ್ರಲ್ಲ. ಈಗ ಮೇಲೆ ಹೋಗಿ ಯಾರಿಗೆ ಕಾರಣ ಹೇಳ್ತೀರಿ?"

ಹಿಂದೆ ಯಾರೋ ಕಿಸಕ್ಕೆಂದರು. ಸೊಸೆ ಬಾಯಿಗೆ ಕೈ ಹಿಡಿದಳು. ನಾನು ಕೈ ಒರೆಸಿಕೊಂಡು ಮೆಟ್ಟಿಲು ಹತ್ತಿ ಬಂದುಬಿಟ್ಟೆ. ಬಾಗಿಲು ಹಾಕಿಕೊಂಡು ಕುರ್ಚಿಯಲ್ಲಿ ಕೂತೆ. ಎದುರಿಗೆ, ಕಾರಣ ಹೇಳಲು ಅವರೆಲ್ಲ ಬಂದು ನಿಲ್ಲುತ್ತಿದ್ದ ಜಾಗ ಇದೆ. ನೆಲ ಅಲ್ಲಿ ನುಣ್ಣಗಾಗಿದೆ.

ಎಂಥ ಅಹಂಕಾರದ ಹೆಂಗಸು. ನಾಲಿಗೆಗೆ ಮೂಳೆ ಇಲ್ಲ. ಆದರೆ ಕೇಳಿದ ಪ್ರಶ್ನೆ ಎದುರಿಗೇ ಕೂತಿದೆ.

ಮಾರ್ಚ್ ೧೮, ಸೋಮವಾರ

ಆಸ್ಪತ್ರೆಯವರು ಹೊಸ ವಾರ್ಡು ತೆರೆಯುತ್ತಿದ್ದಾರೆ. ಈ ವಾರ ಶೀಟು ಇಮ್ಮಡಿ. ಮಗ ಕುಣಿಯುತ್ತಲೇ ಬಂದ. ರೋಲರ್ ವೇಗ ಒಂದು ಹಂತ ಏರಿಸಬೇಕಮ್ಮ ಎಂದ. ಸೊಸೆ, ಫಿಟ್ಟರನ್ನು ಕರೆಸಿ ಪಟ್ಟಿಯನ್ನು ದಪ್ಪ ಅಂಚಿಗೆ ಹೊಂದಿಸಿಬಿಡೋಣ, ಒಂದು ದಿನ ರೋಲರ್ ನಿಲ್ಲಬೇಕಾಗುತ್ತೆ ಎಂದಳು. ಗಂಡ ಹೆಂಡತಿ ನನ್ನ ಮೇಜಿನ ಆಚೆ ಈಚೆ ನಿಂತು ಇಬ್ಬರೂ ನನ್ನ ಮುಖ ನೋಡಿದರು.

ಈ ವಾರ ಕಳೆಯಲಿ, ಆಮೇಲೆ ಫಿಟ್ಟರ್ ಬರಲಿ ಎಂದೆ. ವೇಗ ಏರಿಸಲು ಒಪ್ಪಿದೆ.

"ಅತ್ತೆ, ನೀವೇ ನಿಂತು ನೋಡಿದ್ರಲ್ಲ" ಎಂದಳು ಸೊಸೆ. ಅಷ್ಟೇ. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಉತ್ತರ ಕೊಡುವುದು ಸುಲಭವಿತ್ತು.

ಮಾರ್ಚ್ ೨೦, ಬುಧವಾರ

ಇವತ್ತು ಕಿಟಕಿಯಿಂದ ಹುಡುಕಿ ನೋಡಿದೆ. ಪಟ್ಟಿಗೆ ಮತ್ತೆ ಬಿಳಿ ಬಟ್ಟೆ ಕಟ್ಟಿದ್ದಾರೆ. ಇಳಿದು ಹೋಗಿ ಬಿಚ್ಚಿಸಬೇಕಿತ್ತು. ಮಂಡಿ ನೋವು. ನಾಳೆ ಆಸ್ಪತ್ರೆಯ ಲಾರಿ ಬರುತ್ತದೆ.

ಮಾರ್ಚ್ ೨೧, ಗುರುವಾರ

ಕಿಟಕಿಯಲ್ಲೇ ನಿಂತಿದ್ದೆ. ಎಲ್ಲ ನೋಡಿದೆ.

ಗಟ್ಟಿಗಿತ್ತಿಯ ಬಲಗೈ ಶೀಟಿನ ಜೊತೆ ಹೋಯಿತು. ಅವಳು ಕೂಗಲಿಲ್ಲ, ಬಾಯಿ ಮಾತ್ರ ತೆರೆಯಿತು. ಗುಬ್ಬಿಯ ಕೈ ಕೆಂಪು ಬಟನ್ ಹತ್ತಿರ ಬಂತು. ಬಂದು ನಿಂತಿತು. ಅವಳು ತಲೆ ಎತ್ತಿ ನನ್ನ ಕಿಟಕಿ ನೋಡಿದಳು. ನಮ್ಮಿಬ್ಬರ ಕಣ್ಣು ಸೇರಿತು. ಆಮೇಲೆ ಒತ್ತಿದಳು.

ಅದು ಎಷ್ಟು ಹೊತ್ತು ಎಂದು ಬರೆಯಲಾರೆ. ರೆಪ್ಪೆ ಬಡಿಯುವಷ್ಟು ಇರಬಹುದು. ಸುಡುವುದಕ್ಕೆ ಅಷ್ಟು ಸಾಕು.

ನಾನು ಹೇಗೆ ಇಳಿದೆನೋ ಗೊತ್ತಿಲ್ಲ. ಸೊಸೆ ರೋಲರ್ ಎತ್ತಿ ಕೈ ಬಿಡಿಸಿದಳು, ತಣ್ಣೀರು ಸುರಿದಳು. ಮಗ ಗಾಡಿ ತಂದ. ಸೊಸೆ ಜೊತೆಗೆ ಹೋದಳು. ಗಾಡಿ ಗೇಟು ದಾಟಿದ ಮೇಲೆ ಏನು ಮಾಡುವುದೆಂದು ತಿಳಿಯದೆ ನನ್ನ ಕೋಣೆಗೆ ಹತ್ತಿ ಹೋಗಿ ಕೂತೆ.

ಮೆಟ್ಟಿಲ ಮೇಲೆ ಸದ್ದಾಯಿತು. ಗುಬ್ಬಿ. ಅಂಗೈ ಎರಡೂ ಒದ್ದೆ. ಆ ನುಣ್ಣಗಾದ ಜಾಗದಲ್ಲಿ ಬಂದು ನಿಂತಳು.

"ರೋಲರ್ ನಿಲ್ಲಿಸಿದ್ದು ನಾನು, ಅಮ್ಮಾವ್ರೇ" ಎಂದಳು.

ಕಾರಣ ಹೇಳಲು ಬಂದಿದ್ದಳು.

ಮಾರ್ಚ್ ೨೨, ಶುಕ್ರವಾರ

ಆಸ್ಪತ್ರೆಗೆ ಹೋಗಿದ್ದೆ. ಗಟ್ಟಿಗಿತ್ತಿಯ ಬೆರಳು ಉಳಿಯುತ್ತವೆ, ಆದರೆ ಎರಡು ಬೆರಳು ಮೊದಲಿನ ಹಾಗೆ ಮಡಚುವ ಭರವಸೆ ಇಲ್ಲ ಎಂದರು ಡಾಕ್ಟರು. ಅವಳು ಮಲಗಿದ್ದ ಶೀಟು ನಮ್ಮದೇ. ಅಂಚಿನ ಮಡಿಕೆ ನೋಡಿದರೆ ನನಗೆ ಗೊತ್ತಾಗುತ್ತದೆ.

ಪಕ್ಕದ ಸ್ಟೂಲಿನಲ್ಲಿ ಅವಳ ತಾಯಿ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಸೆರಗೆಳೆದು ಜಾಗ ಮಾಡಿಕೊಟ್ಟರು. ನನಗಿಂತ ಹಿರಿಯರು. ಕೂರಲು ಮನಸ್ಸಾಗಲಿಲ್ಲ.

ಅವಳು ಕಣ್ಣು ತೆರೆದು ಮೊದಲು ಕೇಳಿದ್ದು, "ಶೀಟು ಸುಟ್ಟೋಯ್ತಾ, ಅಮ್ಮಾವ್ರೇ?"

ಇಲ್ಲ ಎಂದೆ. ಸುಟ್ಟಿತ್ತು.

"ಗುಬ್ಬಿಗೆ ಬೈಬೇಡಿ. ಅವಳು ಬೇಕಂತ ನಿಲ್ಲಿಸಿದ್ದಲ್ಲ."

ಬೈಯಲಿಲ್ಲ ಎಂದೆ. ಇದು ನಿಜ. ನಿನ್ನೆ ಗುಬ್ಬಿಗೆ ನಾನು ಏನು ಹೇಳಿದೆ ಎಂದು ಎಷ್ಟು ನೆನಪಿಸಿಕೊಂಡರೂ ಬರುತ್ತಿಲ್ಲ. ಕೂತುಕೊ ಎಂದು ನನ್ನ ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟದ್ದು ಮಾತ್ರ ನೆನಪಿದೆ.

ಹೊರಡುವಾಗ ನಾನೇ ಕೇಳಿದೆ, ಪಟ್ಟಿ ಅಷ್ಟು ತೊಂದರೆ ಕೊಡುತ್ತಿದ್ದರೆ ಒಂದು ದಿನ ಬಂದು ಹೇಳಬಾರದಿತ್ತೇ ಎಂದು. ಅವಳು ನೋವಿನಲ್ಲೂ ಸಣ್ಣಗೆ ನಕ್ಕಳು.

"ನೀವು ಮೇಲೆ ಕೂತು ಯಾಕೆ ನಿಲ್ಲಿಸಿದೆ ಅಂತೀರಿ. ಯಾಕೆ ನಿಲ್ಲಿಸಲಿಲ್ಲ ಅಂತ ಒಂದಿನಾನೂ ಕೇಳಲಿಲ್ಲವಲ್ಲ."

ಮಾರ್ಚ್ ೨೩, ಶನಿವಾರ

ಬರೆಯಲು ಏನೂ ಇಲ್ಲ. ರೋಲರ್ ತಣ್ಣಗಿದೆ.

ಮಾರ್ಚ್ ೨೫, ಸೋಮವಾರ

ಸೋಮವಾರದ ಸಭೆಗೆ ಹೋದೆ. ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ ಬುಟ್ಟಿಗಳ ಪಕ್ಕ ನಿಂತೆ. ಸೊಸೆ ಬೇರೆ ಕಡೆ ನೋಡುತ್ತಾ ಕಾಯುತ್ತಿದ್ದಳು. ನಾನೂ ಕಾದೆ. ಕಾಯುವುದು ನನಗೆ ಬರುವುದಿಲ್ಲ, ನಾಲಿಗೆ ತುರಿಸುತ್ತಿತ್ತು. ಕೊನೆಗೆ ಮಡಿಕೆ ಹಾಕುವ ಹೆಂಗಸೊಬ್ಬಳು, ಬಾಯ್ಲರ್ ಪಕ್ಕದ ನೆಲ ಯಾವಾಗಲೂ ಒದ್ದೆ ಎಂದಳು. ಮತ್ತೊಬ್ಬಳು, ತೋಳಿಗೆ ಹಾಕುವ ಪಿನ್ನು ಕಾದು ಚುಚ್ಚುತ್ತೆ ಎಂದಳು. ಪಿನ್ನಿನ ಅಪ್ಪಣೆ ನನ್ನದು. ಸರಿ, ಬಟನ್ ಇರುವ ಗಿಡ್ಡ ತೋಳಿನ ಅಂಗಿ ಹೊಲಿಸೋಣ ಎಂದೆ.

ಫಿಟ್ಟರ್ ಬಂದ. ರೋಲರ್ ಎರಡು ದಿನ ತೆರೆದಿಡಬೇಕು ಎಂದ. ಮಗ ತಲೆ ಮೇಲೆ ಕೈ ಹೊತ್ತು ಕೂತ. "ಅಮ್ಮ, ಆಸ್ಪತ್ರೆಯವರು ಬೇರೆ ಲಾಂಡ್ರಿ ನೋಡ್ಕೋತಾರೆ. ಆಮೇಲೆ ಅತ್ತರೂ ಬರಲ್ಲ."

ನಾನೇ ಆಸ್ಪತ್ರೆಯ ಉಗ್ರಾಣದ ಅಧಿಕಾರಿಗೆ ಫೋನು ಮಾಡಿದೆ. ಶೀಟು ತಡವಾಗುತ್ತದೆ, ವೇಗ ಇಳಿಸಿದ್ದೇನೆ, ಇನ್ನು ಮೇಲೂ ಇಮ್ಮಡಿ ಕೊಡಲಾರೆ ಎಂದೆ. ಆ ಮನುಷ್ಯ ಗಡಸು ದನಿಯಲ್ಲಿ, ಕಾರಣ ಹೇಳಿ ಎಂದ.

ಈ ವಯಸ್ಸಿನವರೆಗೆ ನಾನು ಯಾರಿಗೂ ಕಾರಣ ಹೇಳಿದವಳಲ್ಲ. ಯಂತ್ರ ಕೆಟ್ಟಿದೆ ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಮಗ ಅದನ್ನೇ ಹೇಳು ಎಂದು ಸನ್ನೆ ಮಾಡುತ್ತಿದ್ದ.

ನಮ್ಮ ಹೆಂಗಸೊಬ್ಬಳ ಕೈ ರೋಲರಿಗೆ ಸಿಕ್ಕಿ, ನಿಮ್ಮದೇ ಆಸ್ಪತ್ರೆಯಲ್ಲಿ ಮಲಗಿದ್ದಾಳೆ ಎಂದೆ. ರೋಲರ್ ನಿಲ್ಲಿಸಲು ಅವರಿಗೆ ನನ್ನ ಭಯ ಇತ್ತು ಎಂದೆ. ವಿಚಾರ ಮಾಡಿ ಹೇಳುತ್ತೇವೆ ಎಂದು ಆ ಮನುಷ್ಯ ಫೋನು ಇಟ್ಟುಬಿಟ್ಟ. ಅವನ ಎದುರಿಗೂ ಜನ ನಿಂತು ನಿಂತು ನೆಲ ನುಣ್ಣಗಾಗಿರಬೇಕು.

ಮಾರ್ಚ್ ೨೭, ಬುಧವಾರ

ಹೊಸ ವಾರ್ಡಿನ ಕೆಲಸ ಬೇರೆಯವರಿಗೆ ಹೋಯಿತು. ಹಳೆಯದು ಉಳಿಯಿತು. ಮಗ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಮೂಗಿನ ತುದಿಯಲ್ಲಿ ಸಿಟ್ಟು, ಥೇಟ್ ಅವರಪ್ಪ. ಸರಿಹೋಗುತ್ತಾನೆ.

ಗಟ್ಟಿಗಿತ್ತಿ ಮನೆಗೆ ಹೋಗಿದ್ದಾಳೆ. ನೋಡಲು ಹೋದೆ. ಬೀಗದಕೈ ಗೊಂಚಲು ತೆಗೆದುಕೊಂಡು ಹೋಗಲು ಮರೆತಿದ್ದೆ, ದಾರಿಯಲ್ಲಿ ಸೊಂಟ ಮುಟ್ಟಿಕೊಂಡಾಗ ತಿಳಿಯಿತು. ಕೈ ವಾಸಿಯಾಗುವವರೆಗೂ ಆಮೇಲೂ ಸಂಬಳ ನಿಲ್ಲುವುದಿಲ್ಲ, ಯಾವಾಗ ಮನಸ್ಸು ಬಂದರೆ ಆಗ ಬಾ ಎಂದೆ. ಬರ್ತೀನಿ ಅಮ್ಮಾವ್ರೇ, ಆದರೆ ಆ ರೋಲರ್ ಮುಂದೆ ಇನ್ನು ನಿಲ್ಲಲ್ಲ ಎಂದಳು. ನಿಲ್ಲಬೇಡ ಎಂದೆ. ಅವಳ ತಾಯಿ ಕೊಟ್ಟ ಟೀಯನ್ನು ಇಬ್ಬರೂ ಕುಡಿದೆವು. ಅವಳು ಎಡಗೈಯಲ್ಲಿ ಹಿಡಿದಿದ್ದಳು. ನೋಡದಿರಲು ಪ್ರಯತ್ನಿಸಿದೆ, ಆಗಲಿಲ್ಲ.

ಮಾರ್ಚ್ ೨೮, ಗುರುವಾರ

ಪೇಂಟರನ್ನು ಕರೆಯೋಣ ಎಂದಳು ಸೊಸೆ. ಬೇಡ ಎಂದೆ. ಏಣಿಯನ್ನು ಗುಬ್ಬಿ ಹಿಡಿದುಕೊಂಡಳು, ಗೋಡೆಯ ಸಾಲಿಗೆ ನಾನೇ ಸುಣ್ಣ ಬಳಿದೆ. ಕೆಂಪು ಹಠಮಾರಿ, ಒಂದು ಸಲಕ್ಕೆ ಹೋಗಲಿಲ್ಲ. ಎರಡನೇ ಸಲಕ್ಕೂ ನಸುಗುಲಾಬಿ ಉಳಿಯಿತು. "ಬಿಡಿ ಅತ್ತೆ, ಮಂಡಿ" ಎಂದಳು ಸೊಸೆ. ಮೂರನೇ ಸಲವೂ ಬಳಿದೆ.

ಅದರ ಜಾಗದಲ್ಲಿ ಹೊಸದೇನಾದರೂ ಬರೆಸುವುದೇ ಎಂದು ಮಗ ಕೇಳಿದ. ಮಾತು ಬಿಟ್ಟವನು ಇಷ್ಟಕ್ಕೆ ಬಾಯಿ ತೆರೆದ. ಬೇಡ ಎಂದೆ. ಬರೆಸುವ ಕೆಲಸ ಸಾಕು.

ನನ್ನ ಮೇಜನ್ನು ಕೆಳಗೆ ತರಿಸಿದೆ. ಕಬ್ಬಿಣದ ಮೆಟ್ಟಿಲಲ್ಲಿ ಅದನ್ನು ಇಳಿಸಲು ನಾಲ್ಕು ಜನ ಬೇಕಾಯಿತು, ಒಂದು ಕಾಲು ಮುರಿಯಿತು, ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದೇವೆ. ರೋಲರಿನಿಂದ ಒಂದು ಹತ್ತು ಹೆಜ್ಜೆ ದೂರ. ಕಿವಿ ಗುಯ್ಯೆನ್ನುತ್ತದೆ, ಕಾಗದಗಳು ಹಬೆಗೆ ಮೆತ್ತಗಾಗುತ್ತವೆ. ಮೇಲಿನ ಕೋಣೆಯಲ್ಲಿ ಇನ್ನು ಹೆಂಗಸರು ಊಟ ಮಾಡುತ್ತಾರೆ. ಕುರ್ಚಿ ಅಲ್ಲೇ ಬಿಟ್ಟೆ, ನನಗೆ ಸ್ಟೂಲು ಸಾಕು.

ಮಧ್ಯಾಹ್ನ ರೋಲರ್ ಹೊರಟಿತು. ಪಟ್ಟಿ ಕೆಳಗಿದೆ, ದಪ್ಪ ಅಂಚು ಈಗ ಅದಕ್ಕೆ ತಾಗುವುದಿಲ್ಲ. ಸ್ವಲ್ಪ ಹೊತ್ತಿಗೆ ಗುಬ್ಬಿ ಕೆಂಪು ಬಟನ್ ಒತ್ತಿದಳು. ಸದ್ದು ಅಡಗಿತು. ಶೀಟು ಸುಡುವ ವಾಸನೆ ಬಂತು. ಅವಳು ತಲೆ ಎತ್ತಿ ಅಭ್ಯಾಸಬಲದಿಂದ ಮೇಲಿನ ಕಿಟಕಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

ನಾನು ಎದ್ದು ಅವಳ ಹತ್ತಿರ ಹೋದೆ.